ಹಣ್ಣು ಬರಬಹುದು, ಕಡ್ಡಿ ಯಾಕೆ ಬರಬಾರದು?

ಪ್ರಶ್ನೆ: ನಾವು ಚಿಂತಾಮಣಿ ತಾಲ್ಲೂಕಿನವರು. ಎರಡು ಎಕರೆ ಹಳೇ ಮಾವು ತೆಗೆದು ಬಟರ್‌ಫ್ರೂಟ್ ಹಾಕೋಣ ಎಂದಿದ್ದೇವೆ. ನನ್ನ ಭಾಮೈದ ತಾಂಜಾನಿಯಾದಲ್ಲಿ ಕೆಲಸದಲ್ಲಿದ್ದಾನೆ. ಈ ಸಲ ಊರಿಗೆ ಬರುವಾಗ ಅಲ್ಲಿನ ತೋಟವೊಂದರಿಂದ ಹಾಸ್ ತಳಿಯ ಕಸಿಕಡ್ಡಿ ಒಂದು ಕಟ್ಟು ತಂದ. ವಿಮಾನ ನಿಲ್ದಾಣದಲ್ಲಿ ಪರ್ಮಿಟ್ ಇಲ್ಲವೆಂದು ಕಟ್ಟನ್ನೇ ತೆಗೆದುಕೊಂಡು ಸುಟ್ಟುಹಾಕುತ್ತೇವೆ ಎಂದರಂತೆ. ಬಟ್ಟೆಯ ಮಡಿಕೆಯಲ್ಲಿದ್ದ ಎರಡು ಕಡ್ಡಿ ಮಾತ್ರ ಮನೆ ಸೇರಿದವು. ಕಸಿ ಕಟ್ಟಿದ್ದೇವೆ, ಒಂದು ಚಿಗುರಿದೆ. ಅದೇ ತಾಂಜಾನಿಯಾದ ಹಣ್ಣು ಬೆಂಗಳೂರಿನ ಅಂಗಡಿಗಳಲ್ಲಿ ರಾಶಿ ಬಿದ್ದಿದೆಯಲ್ಲ? ದೊಡ್ಡ ವ್ಯಾಪಾರಿಗೆ ಒಂದು ನ್ಯಾಯ, ರೈತನಿಗೆ ಇನ್ನೊಂದೇ? ಯಾವ ಗಿಡ ಬರಬೇಕು, ಯಾವುದು ಬರಬಾರದು ಎಂದು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಇಲ್ಲಿ ಎರಡು ನ್ಯಾಯ ಇರುವುದು ವ್ಯಾಪಾರಿಗೂ ರೈತನಿಗೂ ಅಲ್ಲ, ಹಣ್ಣಿಗೂ ಕಡ್ಡಿಗೂ. ಚಿಗುರಿರುವ ಆ ಕಡ್ಡಿಯ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ಅದು ನಿಮಗೆ ರುಚಿಸುವ ಮಾತಲ್ಲ.

ತೀರ್ಮಾನಿಸುವವರು ಯಾರೆಂಬುದು ಸುಲಭದ ಪ್ರಶ್ನೆ. ಕೇಂದ್ರ ಕೃಷಿ ಸಚಿವಾಲಯದ ಕೆಳಗೆ ಸಸ್ಯ ಸಂರಕ್ಷಣೆ, ಕ್ವಾರಂಟೈನ್ ಮತ್ತು ಸಂಗ್ರಹಣಾ ನಿರ್ದೇಶನಾಲಯ ಎಂಬುದಿದೆ. ಅದರ ಕೇಂದ್ರ ಕಚೇರಿ ಫರಿದಾಬಾದಿನಲ್ಲಿದೆ. ಬಂದರು, ವಿಮಾನ ನಿಲ್ದಾಣಗಳಲ್ಲಿ ಗಿಡ, ಬೀಜ, ಹಣ್ಣು ತಪಾಸಣೆ ಮಾಡುವವರು ಅದರ ಅಧಿಕಾರಿಗಳೇ. ಅವರ ಕೈಯಲ್ಲಿರುವ ಮೂಲ ಕಾನೂನು 1914ರದು, ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ. ಅದಕ್ಕೂ ಮೊದಲೇ, 1906ರಲ್ಲಿ, ಅಮೆರಿಕದಿಂದ ಬರುವ ಹತ್ತಿಯ ಬೇಲುಗಳಿಗೆ ಹೊಗೆ ಹಾಕಿಯೇ ಒಳಗೆ ಬಿಡಬೇಕೆಂದು ಬ್ರಿಟಿಷ್ ಸರ್ಕಾರ ಆದೇಶ ಹೊರಡಿಸಿತ್ತು. ಹತ್ತಿಕಾಯಿಯನ್ನು ಕೊರೆಯುವ ಮೆಕ್ಸಿಕೋದ ಮೂತಿಹುಳು ಇಲ್ಲಿಗೆ ಬರಬಾರದು ಎಂಬುದು ಅದರ ಉದ್ದೇಶ. ಆ ಹುಳು ಇಂದಿಗೂ ಭಾರತದಲ್ಲಿ ಇಲ್ಲ. ಕ್ವಾರಂಟೈನ್ ಗೆದ್ದ ಸುದ್ದಿ ಯಾರ ಕಿವಿಗೂ ಬೀಳುವುದಿಲ್ಲ, ಏಕೆಂದರೆ ಅಲ್ಲಿ ನಡೆದ ಘಟನೆಯೇ ಇರುವುದಿಲ್ಲ.

ಈಗ ದಿನನಿತ್ಯ ನಡೆಯುವುದು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ. ಅದಕ್ಕೆ ಉದ್ದುದ್ದ ಅನುಸೂಚಿಗಳಿವೆ. ನಾಲ್ಕನೆಯದರಲ್ಲಿ ಪೂರ್ತಿ ನಿಷೇಧವಿರುವ ಗಿಡಗಳು, ಐದನೆಯದರಲ್ಲಿ ಸಂಶೋಧನಾ ಸಂಸ್ಥೆಯ ಶಿಫಾರಸಿನ ಮೇಲಷ್ಟೇ ಬರಬಹುದಾದವು, ಆರನೆಯದರಲ್ಲಿ ಇಂತಿಂಥ ಕೀಟ, ರೋಗ ಇಲ್ಲವೆಂದು ಕಳಿಸುವ ದೇಶ ಲಿಖಿತವಾಗಿ ಹೇಳಬೇಕಾದವು, ಏಳನೆಯದರಲ್ಲಿ ತಿನ್ನಲು ಅಥವಾ ಕೈಗಾರಿಕೆಗೆ ಬರುವ ಕಡಿಮೆ ಅಪಾಯದ ಸರಕು. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಏನೆಂದರೆ, ಇವುಗಳಲ್ಲಿ ಎಲ್ಲೂ ಹೆಸರಿಲ್ಲದ ಗಿಡ ತಾನಾಗಿಯೇ ಬರಬಹುದೆಂದಲ್ಲ. ಅಪಾಯದ ವಿಶ್ಲೇಷಣೆ ಆಗುವವರೆಗೆ ಅದು ಬರುವಂತೆಯೇ ಇಲ್ಲ. ಅನುಮತಿ ಕೊಡುವುದೂ ಬೆಳೆಯ ಹೆಸರಿಗೆ ಮಾತ್ರವಲ್ಲ. ಯಾವ ಬೆಳೆ, ಯಾವ ರೂಪದಲ್ಲಿ, ಯಾವ ದೇಶದಿಂದ ಎಂಬ ಮೂರೂ ಕೂಡಿದರೆ ಒಂದು ಸಾಲು. ತಿನ್ನುವ ಹಣ್ಣು ಒಂದು ಸಾಲು, ನೆಡುವ ಕಡ್ಡಿ ಬೇರೆಯದೇ ಸಾಲು.

ಯಾಕೆ ಬೇರೆ? ಹಣ್ಣು ತಂಪು ಪೆಟ್ಟಿಗೆಯಲ್ಲಿ ಬಂದು ಅಂಗಡಿ ಸೇರಿ ಯಾರದೋ ಹೊಟ್ಟೆ ಸೇರುತ್ತದೆ. ಅದರೊಳಗೆ ಹಣ್ಣಿನ ನೊಣದ ಮರಿ ಇದ್ದರೂ ನಗರದ ನಡುವೆ ಕೋಶವಾಗಿ, ನೊಣವಾಗಿ, ಜೋಡಿ ಸಿಕ್ಕಿ, ಮೊಟ್ಟೆಯಿಡಲು ತಕ್ಕ ಮರ ಹುಡುಕಬೇಕು. ಆಗುವುದಿಲ್ಲವೆಂದಲ್ಲ, ಆದರೆ ಹಾದಿ ಉದ್ದ. ಕಸಿಕಡ್ಡಿಯ ಹಾದಿಯಲ್ಲಿ ಈ ಯಾವ ಅಡ್ಡಿಯೂ ಇಲ್ಲ. ಜೀವಂತ ಕಡ್ಡಿಯನ್ನು ಸೀಳಿ, ಜೀವಂತ ಗಿಡಕ್ಕೆ ಸಿಪ್ಪೆಗೆ ಸಿಪ್ಪೆ ಸೇರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ನೀರು ಹಾಕಿ ಸಾಕುತ್ತೀರಿ. ಅದರೊಳಗೆ ಏನಿದ್ದರೂ ಅದನ್ನೂ ಸಾಕಿದಂತೆಯೇ.

ಏನಿರಬಹುದು? ಬಟರ್‌ಫ್ರೂಟ್ ಬೆಳೆಯುವ ಹಲವು ದೇಶಗಳಲ್ಲಿ ಸನ್‌ಬ್ಲಾಚ್ ಎಂಬ ರೋಗವಿದೆ. ಕಾಯಿಯ ಮೇಲೆ ಹಳದಿ ಅಥವಾ ಬಿಳಿ ಗುಳಿಬಿದ್ದ ಪಟ್ಟೆ, ಎಳೆ ಕೊಂಬೆಯ ಮೇಲೆ ಹಳದಿ ಗೆರೆ, ಮರದ ಕಾಂಡದಲ್ಲಿ ಮೊಸಳೆ ಚರ್ಮದಂಥ ಬಿರುಕು. ಇದಕ್ಕೆ ಕಾರಣ ವೈರಸ್ ಕೂಡ ಅಲ್ಲ, ಅದಕ್ಕಿಂತ ಚಿಕ್ಕದಾದ ವೈರಾಯ್ಡ್. ಸುಮಾರು 250 ಅಕ್ಷರಗಳಷ್ಟು (ಆರ್‌ಎನ್‌ಎಯ ಬಿಡಿ ಘಟಕಗಳಿಗೆ ಹೀಗೆನ್ನುತ್ತಾರೆ) ಉದ್ದದ, ಮೇಲೆ ಕವಚವೇ ಇಲ್ಲದ ಬರೀ ಆರ್‌ಎನ್‌ಎ ಉಂಗುರ. ಇದರ ಕೆಟ್ಟ ಗುಣವೆಂದರೆ ಕೆಲವು ಮರಗಳಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಕೂರುತ್ತದೆ. ಮರ ಹಸಿರಾಗಿ, ದಪ್ಪ ಎಲೆ ಬಿಟ್ಟುಕೊಂಡು ನಿಂತಿರುತ್ತದೆ. ಇಳುವರಿ ಕಡಿಮೆಯಾಗಿದ್ದರೂ ಮಾಲೀಕ ಗೊಬ್ಬರವನ್ನೋ ಮಳೆಯನ್ನೋ ದೂರುತ್ತಾನೆ. ನಿಮ್ಮ ಭಾಮೈದ ಕಡ್ಡಿ ಕತ್ತರಿಸಿದ್ದು ಇಂಥ ಮರದಿಂದಲೇ ಎಂದು ನಾನು ಹೇಳುತ್ತಿಲ್ಲ. ಅಲ್ಲವೆಂದು ಹೇಳಲು ಅವರಿಗೂ ಆಗದು, ನಿಮಗೂ ಆಗದು, ವಿಮಾನ ನಿಲ್ದಾಣದ ಅಧಿಕಾರಿಗೂ ಆಗದು.

ಅಧಿಕಾರಿ ಕಡ್ಡಿಯನ್ನು ನೋಡುವುದು ಹೇಗೆ ಗೊತ್ತೇ? ಮೊದಲು ಮಣ್ಣು ಅಂಟಿದೆಯೇ ಎಂದು ನೋಡುತ್ತಾರೆ. ಮಣ್ಣಿಗೆ ಪ್ರವೇಶವೇ ಇಲ್ಲ. ಆಮೇಲೆ ಬಿಳಿ ಕಾಗದದ ಮೇಲೆ ಕೊಡವುತ್ತಾರೆ. ಉದುರಿದ್ದರಲ್ಲಿ ಏನಾದರೂ ಹರಿದಾಡಿದರೆ ನುಸಿಯೋ ಥ್ರಿಪ್ಸೋ ಎಂದು ಮಸೂರದಲ್ಲಿ ಪರೀಕ್ಷೆ. ಎಲೆ ಉದುರಿದ ಗುರುತಿನ ಸಂದಿಯಲ್ಲಿ, ಮೊಗ್ಗಿನ ಬುಡದಲ್ಲಿ ಒಂದೆರಡು ಮಿಲಿಮೀಟರ್ ಗಾತ್ರದ ಶಲ್ಕ ಕೀಟ ತೊಗಟೆಯ ಬಣ್ಣದಲ್ಲೇ ಅಂಟಿಕೊಂಡಿರುತ್ತದೆ. ಅದನ್ನು ಸೂಜಿಯ ತುದಿಯಿಂದ ಎಬ್ಬಿಸಿ ನೋಡಬೇಕು. ಕತ್ತರಿಸಿದ ತುದಿಯಲ್ಲಿ ಕಂದು ಗೆರೆ ಕಂಡರೆ ಶಿಲೀಂಧ್ರದ ಅನುಮಾನ. ಇಷ್ಟೆಲ್ಲ ಕಣ್ಣಿಗೆ ಸಿಗುತ್ತದೆ. ವೈರಾಯ್ಡ್ ಸಿಗುವುದಿಲ್ಲ. ಅದಕ್ಕೆ ಪ್ರಯೋಗಾಲಯದಲ್ಲಿ ಆರ್‌ಎನ್‌ಎ ಪರೀಕ್ಷೆ ಆಗಬೇಕು. ಮರದಲ್ಲಿ ಅದು ಎಲ್ಲ ಕೊಂಬೆಯಲ್ಲೂ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ಒಂದು ಮಾದರಿಯಲ್ಲಿ ಇಲ್ಲವೆಂದು ಬಂದರೂ ನೆಮ್ಮದಿಯಿಲ್ಲ. ಆದ್ದರಿಂದಲೇ ನೀತಿ ಮಾಡುವವರು ಬಾಗಿಲಲ್ಲಿ ನಿಂತು ಹಿಡಿಯುವುದನ್ನು ನೆಚ್ಚಿಕೊಳ್ಳದೆ, ಹೊರಡುವ ಜಾಗದಲ್ಲೇ ತಾಯಿಮರ ಪರೀಕ್ಷೆ, ಇಲ್ಲಿಗೆ ಬಂದ ಮೇಲೆ ಪ್ರತ್ಯೇಕವಾಗಿ ಬೆಳೆಸಿ ಕಾಯುವುದು ಎಂಬ ಎರಡು ತುದಿಗೆ ಗಂಟು ಹಾಕುತ್ತಾರೆ.

ಈಗ ನೀವು ಕೇಳಬಹುದು: ಹಣ್ಣಿನಲ್ಲಿ ಬೀಜ ಇದೆಯಲ್ಲ, ಆ ಬೀಜದಲ್ಲಿ ವೈರಾಯ್ಡ್ ಬರುವುದಿಲ್ಲವೇ? ಬರುತ್ತದೆ. ಲಕ್ಷಣ ತೋರಿಸದ ಮರದ ಬೀಜದಲ್ಲಂತೂ ಹೆಚ್ಚಾಗಿಯೇ ಬರುತ್ತದೆ. ಜ್ಯೂಸ್ ಅಂಗಡಿಯಿಂದ ಬೀಜ ಗೋಣಿಯಲ್ಲಿ ತಂದು ಕಸಿ ಕಟ್ಟಲು ಬುಡಕ್ಕೆ ಬೇಕಾದ ಬೇರುಸಸಿ ಮಾಡುವ ನರ್ಸರಿಯವರೂ ನಮ್ಮಲ್ಲಿದ್ದಾರೆ. ತಿನ್ನಲೆಂದು ಬಂದದ್ದು ನೆಡಲು ಹೋಗುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ವಿಶ್ಲೇಷಣೆಯ ಅಂತರರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಬಟರ್‌ಫ್ರೂಟಿನ ವಿಷಯದಲ್ಲಿ ಈ ಸಾಧ್ಯತೆಗೆ ಇನ್ನಷ್ಟು ತೂಕ ಕೊಡಬೇಕು. ನಿಮ್ಮ ಪ್ರಶ್ನೆಯಲ್ಲಿ ಹುರುಳಿರುವುದು ಇಲ್ಲಿ. ಆದರೆ ಹಣ್ಣಿನಲ್ಲೊಂದು ತೂತು ಇದೆಯೆಂದು ಕಡ್ಡಿಗೆ ಬಾಗಿಲನ್ನೇ ತೆಗೆಯಲಾಗದು.

ವಿಶ್ಲೇಷಣೆ ಎಂದೆನಲ್ಲ, ಅದೇ ಈ ಇಡೀ ವ್ಯವಸ್ಥೆಯ ಹೊಟ್ಟೆ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಗೇ ಜಾರಿಗೆ ಬಂದ ಒಪ್ಪಂದವೊಂದರ ಪ್ರಕಾರ, ರೋಗ ಮತ್ತು ಕೀಟದ ನೆಪದಲ್ಲಿ ಯಾವುದೇ ದೇಶ ಸರಕು ತಡೆಯಬೇಕಾದರೆ ಅದಕ್ಕೆ ವೈಜ್ಞಾನಿಕ ಆಧಾರ ತೋರಿಸಬೇಕು. ತೋರಿಸುವ ಬಗೆ ಹೀಗೆ: ಆ ದೇಶದಲ್ಲಿ ಆ ಬೆಳೆಗೆ ಬರುವ ಕೀಟ, ರೋಗಗಳನ್ನೆಲ್ಲ ಪಟ್ಟಿ ಮಾಡುತ್ತಾರೆ. ನಮ್ಮಲ್ಲಿ ಆಗಲೇ ಹರಡಿರುವುದನ್ನು ಪಟ್ಟಿಯಿಂದ ಹೊಡೆದುಹಾಕುತ್ತಾರೆ. ಉಳಿದ ಒಂದೊಂದರ ಮೇಲೂ ಕೇಳುತ್ತಾರೆ: ಈ ರೂಪದ ಸರಕಿನೊಂದಿಗೆ ಬರಬಲ್ಲದೇ, ಪ್ರಯಾಣದಲ್ಲಿ ಬದುಕುತ್ತದೆಯೇ, ನಮ್ಮ ಹವೆ ಅದಕ್ಕೆ ಒಗ್ಗುತ್ತದೆಯೇ, ತಿನ್ನಲು ಇಲ್ಲಿ ಏನಿದೆ, ಹರಡಿದರೆ ನಷ್ಟವೆಷ್ಟು? ಅಪಾಯ ಹೆಚ್ಚೆಂದು ಕಂಡರೆ, ಅದನ್ನು ಇಳಿಸಲು ಸಾಲುವಷ್ಟು, ಅದಕ್ಕಿಂತ ಹೆಚ್ಚಲ್ಲದ, ಕ್ರಮ ಯಾವುದು? ಬಿಸಿನೀರೇ, ವಿಕಿರಣವೇ, ಕೀಟವಿಲ್ಲದ ಪ್ರದೇಶದಿಂದ ಮಾತ್ರ ಖರೀದಿಯೇ, ಇಲ್ಲವೇ ಪೂರ್ತಿ ನಿಷೇಧವೇ? ಹೊಸ ನಿಯಮದ ಕರಡನ್ನು ಬೇರೆ ದೇಶಗಳಿಗೆ ತಿಳಿಸಿ ಸಾಮಾನ್ಯವಾಗಿ 60 ದಿನ ಆಕ್ಷೇಪಣೆಗೆ ಬಿಡುತ್ತಾರೆ. ಮಾಹಿತಿ ಸಾಲದಿದ್ದಾಗ ತಾತ್ಕಾಲಿಕವಾಗಿ ತಡೆಯಲು ಅವಕಾಶವಿದೆ, ಆದರೆ ಮಾಹಿತಿ ಹುಡುಕುತ್ತಲೇ ಇರಬೇಕು.

ಹಾಗೆಂದು ಎಲ್ಲವನ್ನೂ ವಿಜ್ಞಾನಿಗಳೇ ತೀರ್ಮಾನಿಸುತ್ತಾರೆ ಎಂದುಕೊಳ್ಳಬೇಡಿ. ಅಪಾಯ ಎಷ್ಟಿದೆ ಎಂದು ಹೇಳುವುದು ಅವರ ಕೆಲಸ. ಎಷ್ಟನ್ನು ಸಹಿಸಬೇಕು ಎಂಬುದು ಸರ್ಕಾರದ ತೀರ್ಮಾನ. ಆಸ್ಟ್ರೇಲಿಯಾ ಇದನ್ನು ನೇರವಾಗಿಯೇ ಹೇಳುತ್ತದೆ: ಅಪಾಯ ತೀರ ಕಡಿಮೆಯಾಗಬೇಕು, ಸೊನ್ನೆಯಾಗಬೇಕಿಲ್ಲ. ಅಷ್ಟು ಕಟ್ಟುನಿಟ್ಟಿನ ದೇಶವೂ ನ್ಯೂಜಿಲೆಂಡಿನ ಸೇಬನ್ನು ಬೆಂಕಿರೋಗದ ಭಯದಿಂದ 1921ರಿಂದ ತಡೆದು, ಕೊನೆಗೆ 2010ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಸೋತಿತು. ತೋರಿಸಿದ ಆಧಾರ ಸಾಲದು ಎಂದಾಯಿತು. ನಾವೂ ಸೋತಿದ್ದೇವೆ. ಹಕ್ಕಿಜ್ವರ ವರದಿಯಾದ ದೇಶಗಳಿಂದ ಕೋಳಿ ಉತ್ಪನ್ನ ಬರಬಾರದೆಂದು ಭಾರತ ಹಾಕಿದ್ದ ನಿಷೇಧವನ್ನು ಅಮೆರಿಕ ಪ್ರಶ್ನಿಸಿತು. 2015ರ ಜೂನ್‌ನಲ್ಲಿ ಅಂತಿಮ ತೀರ್ಪು ನಮ್ಮ ವಿರುದ್ಧ ಬಂತು. ಅಪಾಯ ವಿಶ್ಲೇಷಣೆಯೇ ಆಧಾರವಾಗಿರಲಿಲ್ಲ ಎಂಬುದು ಒಂದು ದೋಷ. ಇನ್ನೊಂದು ಕೇಳಿ: ನಮ್ಮದೇ ನೆಲದಲ್ಲಿ ಹಕ್ಕಿಜ್ವರ ಬಂದರೆ ಸುತ್ತ 10 ಕಿಲೋಮೀಟರ್ ದೂರದವರೆಗೆ ನಿರ್ಬಂಧ ಹಾಕಿ ಉಳಿದ ಕಡೆ ವ್ಯಾಪಾರ ಬಿಡುತ್ತೇವೆ, ಅವರ ಒಂದು ಮೂಲೆಯಲ್ಲಿ ಬಂದರೆ ಇಡೀ ದೇಶವನ್ನೇ ತಡೆಯುತ್ತೇವೆ. ಇದಕ್ಕೆ ಉತ್ತರವಿರಲಿಲ್ಲ. ಕಾಳಜಿ ನಿಜವಾದದ್ದೇ ಇರಬಹುದು, ಕಡತ ಗಟ್ಟಿಯಿರದಿದ್ದರೆ ನಿಲ್ಲುವುದಿಲ್ಲ.

ಈ ಅಳತೆಗೋಲು ನಮಗೆ ಲಾಭ ಮಾಡಿಕೊಟ್ಟದ್ದೂ ಉಂಟು, ಅದೂ ನಿಮ್ಮ ಪಕ್ಕದಲ್ಲೇ. ಶ್ರೀನಿವಾಸಪುರದ ಮಾವು ಅಮೆರಿಕಕ್ಕೆ ಹೋಗಬೇಕಾದರೆ ಅವರ ಅಧಿಕಾರಿಗಳೂ ಇದೇ ಪಟ್ಟಿ ಮಾಡುತ್ತಾರೆ: ಹಣ್ಣಿನ ನೊಣ, ಓಟೆಯೊಳಗೆ ಕೂರುವ ಮೂತಿಹುಳು. ಓಟೆಯೊಳಗಿನ ಹುಳು ಹೊರಗೆ ಕಾಣುವುದೇ ಇಲ್ಲ. ಹಾಗಾಗಿ ಬಹಳ ವರ್ಷ ನಮ್ಮ ಮಾವಿಗೆ ಅಲ್ಲಿ ಪ್ರವೇಶವಿರಲಿಲ್ಲ. 2007ರಲ್ಲಿ ಬಾಗಿಲು ತೆರೆದದ್ದು 400 ಗ್ರೇ (ವಿಕಿರಣ ಅಳೆಯುವ ಮಾನ) ವಿಕಿರಣದ ಷರತ್ತಿನ ಮೇಲೆ. ಮಾಲೂರಿನಲ್ಲಿ ಇಂಥ ವಿಕಿರಣ ಘಟಕವಿದೆ. ಈ ಪ್ರಮಾಣ ಹುಳುವನ್ನು ತಕ್ಷಣ ಕೊಲ್ಲಬೇಕೆಂದಿಲ್ಲ, ಅದರ ಸಂತಾನಶಕ್ತಿಯನ್ನು ಕೆಡಿಸಿದರೆ ಸಾಕು. ಹೀಗಾಗಿ ಪೆಟ್ಟಿಗೆ ಒಡೆದಾಗ ಹುಳು ಜೀವಂತ ಹರಿದಾಡುತ್ತಿದ್ದರೂ ಸರಕು ಪಾಸ್! ಹುಳು ಕಂಡರೆ ವಾಪಸ್ ಎನ್ನುವ ಹಳೇ ಕಾಲದ ಇನ್‌ಸ್ಪೆಕ್ಟರ್‌ಗೆ ಇದು ನುಂಗಲಾರದ ತುತ್ತು. ಪ್ರಯೋಗದ ಅಂಕಿಯನ್ನು ನಂಬಿ ಕಣ್ಣಿಗೆ ಕಂಡದ್ದನ್ನು ಬದಿಗಿಡುವುದು ಸುಲಭವಲ್ಲ. ಯುರೋಪಿಗೆ ಬಿಸಿನೀರಿನ ಉಪಚಾರ, ಸಾಮಾನ್ಯವಾಗಿ 48 ಡಿಗ್ರಿಯಲ್ಲಿ 60 ನಿಮಿಷ. ಅಲ್ಲಿಯ ತಪಾಸಣೆಯಲ್ಲಿ ಹಣ್ಣಿನ ನೊಣ ಮತ್ತೆ ಮತ್ತೆ ಸಿಕ್ಕಿ 2014ರ ಮೇ ತಿಂಗಳಿಂದ ನಮ್ಮ ಮಾವನ್ನು ನಿಲ್ಲಿಸಿದ್ದರು. ಪ್ಯಾಕ್‌ಹೌಸ್‌ಗಳ ತಪಾಸಣೆ ಬಿಗಿಯಾದ ಮೇಲೆ ಮುಂದಿನ ವರ್ಷ ಬಿಟ್ಟರು.

ಇಷ್ಟು ಓದಿದ ಮೇಲೆ ಎಲ್ಲ ಬಹಳ ಗಟ್ಟಿಯಾಗಿದೆ ಎನ್ನಿಸಬಹುದು. ಇಲ್ಲ. ನನ್ನ ಲೆಕ್ಕದಲ್ಲಿ ಈ ವ್ಯವಸ್ಥೆಯ ಸೊರಗಿದ ಭಾಗ ಇರುವುದು ವಿಮಾನ ನಿಲ್ದಾಣದಲ್ಲಲ್ಲ, ನಿಮ್ಮ ನಮ್ಮ ಹೊಲದಲ್ಲಿ. "ನಮ್ಮಲ್ಲಿ ಆಗಲೇ ಹರಡಿರುವುದನ್ನು ಪಟ್ಟಿಯಿಂದ ಹೊಡೆದುಹಾಕುತ್ತಾರೆ" ಎಂದೆನಲ್ಲ? ನಮ್ಮಲ್ಲಿ ಏನಿದೆ, ಏನಿಲ್ಲ ಎಂಬುದು ಸರಿಯಾಗಿ ಗೊತ್ತಿದ್ದರೆ ತಾನೆ ಆ ಪಟ್ಟಿ ಸರಿಯಾಗುವುದು. ಒಂದು ಕೀಟ ಇಲ್ಲಿ ವ್ಯಾಪಕವಾಗಿ ಹರಡಿದ ದಿನ ಅದು ಕ್ವಾರಂಟೈನ್ ಕೀಟವಾಗಿ ಉಳಿಯುವುದಿಲ್ಲ. ಅದರ ಹೆಸರಲ್ಲಿ ಯಾರ ಸರಕನ್ನೂ ತಡೆಯುವಂತಿಲ್ಲ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಲು ಅಂತರರಾಷ್ಟ್ರೀಯ ನಿಯಮವೂ ಒಪ್ಪುವುದಿಲ್ಲ.

ಟೊಮೆಟೊದ ಎಲೆಯೊಳಗೆ ಸುರಂಗ ಕೊರೆದು ಕಾಯಿಗೆ ಸೂಜಿತೂತು ಹಾಕುವ ಟೂಟಾ ಹುಳು ನೋಡಿ. ಕೋಲಾರದ ಬೆಳೆಗಾರರಲ್ಲಿ ಹಲವರು ಅದನ್ನು ಊಜಿ ಎನ್ನುತ್ತಾರೆ. ಅದು ದಕ್ಷಿಣ ಅಮೆರಿಕದ್ದು. 2006ರಲ್ಲಿ ಸ್ಪೇನಿಗೆ ಬಂತು, ಆಮೇಲೆ ಉತ್ತರ ಆಫ್ರಿಕಾ, ಟರ್ಕಿ, ಕೊಲ್ಲಿ ದೇಶಗಳು, 2014ರಲ್ಲಿ ಮಹಾರಾಷ್ಟ್ರ. ಎಂಟು ವರ್ಷ ನಮ್ಮ ಕಡೆಗೇ ನಡೆದು ಬರುತ್ತಿತ್ತು. ಹೆಣ್ಣು ಪತಂಗದ ವಾಸನೆಯಿಟ್ಟು ಗಂಡನ್ನು ಸೆಳೆಯುವ ಮೋಹಕ ಬಲೆಯಲ್ಲಿ ಮೊದಲ ಪತಂಗವನ್ನೇ ಹಿಡಿಯಬಹುದಾದ ಕೀಟವದು. ಆದರೆ ಗುರುತಿಸುವ ಹೊತ್ತಿಗೆ ಅಳಿಸಿಹಾಕುವ ಮಾತು ಮುಗಿದಿತ್ತು. ಮುಸುಕಿನ ಜೋಳದ ಫಾಲ್ ಸೈನಿಕ ಹುಳುವೂ ಅಷ್ಟೇ. 2016ರಲ್ಲಿ ಆಫ್ರಿಕಾದಲ್ಲಿತ್ತು, 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಸಿಕ್ಕಿತು. ಜುಲೈಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹೊಲವೊಂದರಲ್ಲಿ ನೋಡಿದಾಗ ಶೇ 70ಕ್ಕೂ ಹೆಚ್ಚು ಹಾವಳಿ ಇತ್ತು. ಹುಳು ನಿನ್ನೆ ಮೊನ್ನೆ ಬಂದದ್ದಾದರೆ ಅಷ್ಟಿರುತ್ತಿತ್ತೇ? ಸುಳಿಯಲ್ಲಿ ಲದ್ದಿ ಕಂಡವರು ಅಂಗಡಿಗೆ ಹೋಗಿ ಔಷಧಿ ತಂದಿರುತ್ತಾರೆ, ಯಾರಿಗೂ ಹೇಳಿರುವುದಿಲ್ಲ. ಯಾರಿಗೆ ಹೇಳಬೇಕೆಂಬುದೂ ಗೊತ್ತಿರುವುದಿಲ್ಲ. ಅದು ರೈತನ ತಪ್ಪಲ್ಲ.

ದೇಶದ ಗಡಿಯಷ್ಟೇ ಗಡಿಯಲ್ಲ ಎಂಬುದಕ್ಕೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಸಾಕ್ಷಿ ಸಿಗುತ್ತದೆ. ರೇಷ್ಮೆಹುಳುವನ್ನು ತಿನ್ನುವ ನಿಜವಾದ ಊಜಿ ನೊಣ ಕರ್ನಾಟಕದಲ್ಲಿ ಇರಲಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ ಬಂತು. ನಲವತ್ತೈದು ವರ್ಷದಿಂದ ಹುಳು ಮನೆಯ ಕಿಟಕಿಗೆ ಪರದೆ ಕಟ್ಟುತ್ತಿದ್ದೇವೆ, ತೂತು ಬಿದ್ದ ಗೂಡಿಗೆ ಬೆಲೆ ಕಳೆದುಕೊಳ್ಳುತ್ತಿದ್ದೇವೆ. ರಾಜ್ಯದಿಂದ ರಾಜ್ಯಕ್ಕೆ ಸಾಗಣೆ ತಡೆಯಲು 1914ರ ಕಾಯ್ದೆಯಲ್ಲೇ ಅವಕಾಶವಿದೆ. 1961ರಲ್ಲಿ ನೀಲಗಿರಿಯಲ್ಲಿ ಆಲೂಗಡ್ಡೆಯ ಬೇರಿಗೆ ಬರುವ ಹೊಂಬಣ್ಣದ ಜಂತುಹುಳು ಸಿಕ್ಕ ಮೇಲೆ ಅಲ್ಲಿನ ಬಿತ್ತನೆ ಗಡ್ಡೆ ಹೊರಗೆ ಹೋಗದಂತೆ ನಿರ್ಬಂಧ ಹಾಕಿದ್ದು ಅದರಡಿಯಲ್ಲೇ. ಆದರೆ ನರ್ಸರಿ ಸಸಿ ಲಾರಿಗಟ್ಟಲೆ ರಾಜ್ಯ ದಾಟುವಾಗ ಯಾರು ನೋಡುತ್ತಾರೆ? ಸಸ್ಯ, ಪ್ರಾಣಿ, ಮೀನು ಎಲ್ಲವನ್ನೂ ಒಂದೇ ಪ್ರಾಧಿಕಾರದ ಕೆಳಗೆ ತರುವ ಕೃಷಿ ಜೈವಿಕ ಸುರಕ್ಷತಾ ಮಸೂದೆ 2013ರಲ್ಲಿ ಲೋಕಸಭೆಗೆ ಬಂದಿತ್ತು. ಸ್ವಾಮಿನಾಥನ್ ನೇತೃತ್ವದ ರೈತರ ಆಯೋಗವೂ ಇಂಥದೊಂದು ವ್ಯವಸ್ಥೆ ಬೇಕೆಂದಿತ್ತು. ಮರುವರ್ಷ ಲೋಕಸಭೆ ವಿಸರ್ಜನೆಯಾಗಿ ಮಸೂದೆ ಬಿದ್ದುಹೋಯಿತು.

ಬೇಕಾದ ಜೀವಿಯನ್ನು ತರುವಾಗಲೂ ಇದೇ ಶಿಸ್ತು ಎಂಬುದನ್ನು ಹೇಳಬೇಕು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟುತಿಗಣೆ ಹಿಪ್ಪುನೇರಳೆಗೂ ಹತ್ತಿ ರೇಷ್ಮೆಯವರಿಗೆ ಕಣ್ಣೀರು ಹಾಕಿಸಿತ್ತು. 2010ರಲ್ಲಿ ಪೋರ್ಟೊರಿಕೊದಿಂದ ತಿಗಣೆಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಮೂರು ಜಾತಿಯ ಪರತಂತ್ರ ಕಣಜಗಳನ್ನು ಬೆಂಗಳೂರಿಗೆ ತರಿಸಿದರು. ತೋಟ ಹಾಳಾಗುತ್ತಿದ್ದರೂ ಅವನ್ನು ನೇರ ಬಿಡಲಿಲ್ಲ. ಕ್ವಾರಂಟೈನ್ ಕೋಣೆಯಲ್ಲಿ ಸಾಕಿ, ಉಪಯೋಗಿ ಕೀಟಗಳಿಗೆ ತೊಂದರೆಯಿಲ್ಲವೆಂದು ಖಾತ್ರಿಯಾದ ಮೇಲೆಯೇ ಬಿಟ್ಟರು. ಔಷಧಿಗೆ ಬಗ್ಗದ ತಿಗಣೆ ಅವುಗಳಿಂದ ಹತೋಟಿಗೆ ಬಂತು.

ಇನ್ನು ನಿಮ್ಮ ತೋಟದ ವಿಚಾರ. ಹೊರದೇಶದ ಕಡ್ಡಿ ಕಾನೂನಿನ ದಾರಿಯಲ್ಲೇ ಬೇಕಿದ್ದರೆ ಮೊದಲು ಆ ದೇಶದ ಆ ರೂಪಕ್ಕೆ ಅನುಮತಿಯ ಸಾಲು ಇದೆಯೇ ನೋಡಬೇಕು. ಇದ್ದರೆ ತರುವ ಮುಂಚೆಯೇ ಆನ್‌ಲೈನ್‌ನಲ್ಲಿ ಇಂಪೋರ್ಟ್ ಪರ್ಮಿಟ್, ಅಲ್ಲಿನ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರ, ಇಲ್ಲಿಗೆ ಬಂದ ಮೇಲೆ ಒಪ್ಪಿಗೆ ಪಡೆದ ಪ್ರತ್ಯೇಕ ನೆರಳುಮನೆಯಲ್ಲಿ ಬೆಳೆಸುವುದು, ಕೃಷಿ ವಿಶ್ವವಿದ್ಯಾಲಯದ ತಜ್ಞರ ತಪಾಸಣೆ. ಎರಡು ಎಕರೆಯವರಿಗೆ ಇದು ಗಿಟ್ಟುವುದಿಲ್ಲ, ಸುಳ್ಳು ಆಸೆ ಹುಟ್ಟಿಸುವುದಿಲ್ಲ. ರೈತ ಉತ್ಪಾದಕ ಕಂಪನಿಯ ಮೂಲಕ ಹಲವರು ಸೇರಿ ತರಿಸಿದರೆ ಲೆಕ್ಕ ಬೇರೆ. ಇಲ್ಲವಾದರೆ ಪರ್ಮಿಟ್ ಮೂಲಕ ತಾಯಿಗಿಡ ತಂದಿರುವ ನರ್ಸರಿಯಿಂದ ಹಾಸ್ ಸಸಿ ಕೊಳ್ಳಿ, ಆಮದಿನ ಕಾಗದ ತೋರಿಸಿ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ನರ್ಸರಿಯಿಂದ ಕೊಳ್ಳಬೇಡಿ. ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಕೊಡಗಿನ ಚೆಟ್ಟಳ್ಳಿ ಕೇಂದ್ರದಲ್ಲಿ ಆರಿಸಿದ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ತಳಿಗಳೂ ಇವೆ. ನಿಮ್ಮ ಬಯಲುಸೀಮೆಯ ಬಿಸಿಲಿಗೆ ಒಗ್ಗುತ್ತವೆಯೇ ಎಂದು ಹತ್ತು ಗಿಡ ಹಾಕಿ ನೋಡಿಯೇ ಮುಂದುವರಿಯಿರಿ.

ಚಿಗುರಿದ ಆ ಕಸಿಯನ್ನು ಕಿತ್ತುಹಾಕಿ. ಚಿಗುರದೆ ಉಳಿದ ಇನ್ನೊಂದನ್ನೂ, ಎರಡರ ಬೇರುಸಸಿಯನ್ನೂ ಸೇರಿಸಿ. ಪರೀಕ್ಷೆ ಮಾಡಿಸಿ ಉಳಿಸಿಕೊಳ್ಳೋಣ ಎಂಬ ಆಸೆ ಬರುತ್ತದೆ, ಆದರೆ ಒಂದು ಎಲೆಯ ಪರೀಕ್ಷೆ ಎಷ್ಟು ನೆಚ್ಚಬಹುದೆಂದು ಮೇಲೆ ಹೇಳಿದ್ದೇನೆ. ಸನ್‌ಬ್ಲಾಚ್‌ಗೆ ಔಷಧಿಯಿಲ್ಲ. ಕೀಳುವ ಮುನ್ನ ಎಲೆಯ ಅಡಿ, ಕಸಿ ಕಟ್ಟಿದ ಪಟ್ಟಿಯ ಒಳಗೆ ಏನಾದರೂ ಕೀಟ ಕಂಡರೆ ಫೋಟೊ ತೆಗೆದು ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ, ಅಲ್ಲಿ ಯಾರೂ ನಿಮ್ಮ ಮೇಲೆ ಕೇಸು ಹಾಕಲು ಕುಳಿತಿಲ್ಲ. ಗಿಡವನ್ನು ತಿಪ್ಪೆಗೆ ಎಸೆಯದೆ ಬೇರು, ಚೀಲದ ಮಣ್ಣಿನ ಸಮೇತ ಅಲ್ಲೇ ಒಣಗಿಸಿ ಸುಡಿ. ಆ ವೈರಾಯ್ಡ್ ಕತ್ತರಿಯ ಅಂಚಿನ ರಸದಲ್ಲೂ ದಾಟುತ್ತದೆ. ಹಾಗಾಗಿ ಕಸಿ ಕಟ್ಟಲು ಬಳಸಿದ ಚಾಕು, ಕತ್ತರಿಯನ್ನು ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಅದ್ದಿ ತೊಳೆದು, ಆಮೇಲೆ ಬೇರೆ ಗಿಡ ಮುಟ್ಟಿ. ಅದೇ ಚಾಕುವಿನಿಂದ ಈ ನಡುವೆ ಪಕ್ಕದ ತೋಟದವರಿ­ಗೆ ಕಸಿ ಕಟ್ಟಿಕೊಟ್ಟಿದ್ದರೆ ಅವರಿಗೂ ವಿಷಯ ತಿಳಿಸಿ.